ಚಪ್ಪರದ ರಾಗ, ಬಯಲಿನ ಗಾಳಿ

ಚೈತ್ರಮಾಸ ಕಾಲಿಟ್ಟಿತೆಂದರೆ ಬೆಂಗಳೂರಿಗರ ಬಾಯಲ್ಲಿ ಒಂದೇ ಮಾತು: "ಹೋದ ವರ್ಷ ಇಷ್ಟು ಸೆಕೆ ಇರಲಿಲ್ಲ." ಈ ಮಾತನ್ನು ಅವರು ಪ್ರತಿವರ್ಷವೂ ತಪ್ಪದೆ ಆಡುತ್ತಾರೆ; ಕೆಲವು ವರ್ಷ ಅದು ನಿಜವೂ ಆಗಿರುತ್ತದೆ. 2016ರ ಏಪ್ರಿಲ್ ತಿಂಗಳಿನಲ್ಲಿ ನಗರದ ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗಲಂತೂ, ಮನೆಗೆ ಬೀಸಣಿಗೆಯೇ ಬೇಡವೆಂದು ಹಿಂದೊಮ್ಮೆ ಹೆಮ್ಮೆಪಡುತ್ತಿದ್ದ ಹಿರಿಯರು ಮಾತಿಲ್ಲದೆ ಕುಳಿತರು.

ಆದರೆ ಈ ಊರಿನ ಬೇಸಿಗೆಗೆ ಒಂದು ದಾಕ್ಷಿಣ್ಯವುಂಟು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಊರಾದುದರಿಂದ, ಹಗಲಲ್ಲಿ ಎಷ್ಟೇ ಉರಿದರೂ ಹೊತ್ತು ಮುಳುಗಿದ ಮೇಲೆ ಅದು ತನ್ನ ತಪ್ಪನ್ನು ಒಪ್ಪಿಕೊಂಡಂತೆ ತಣ್ಣನೆಯ ಗಾಳಿಯೊಂದನ್ನು ಕಳುಹಿಸುತ್ತದೆ. ಆ ಗಾಳಿಗಾಗಿ ಕೆಲವರು ತಾರಸಿ ಹತ್ತುತ್ತಾರೆ, ಕೆಲವರು ಲಾಲ್‌ಬಾಗಿನತ್ತ ನಡೆಯುತ್ತಾರೆ. ಇನ್ನು ಕೆಲವರು, ಮಡಿಸಿದ ಶಾಲೊಂದನ್ನು ಹೆಗಲಿಗೇರಿಸಿ, ಕೈಚೀಲದಲ್ಲಿ ನೀರಿನ ಬಾಟಲಿಯನ್ನಿಟ್ಟುಕೊಂಡು, ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದ ಕಡೆಗೆ ಹೊರಡುತ್ತಾರೆ. ಅಲ್ಲಿ ರಾಮನವಮಿಯ ಸಂಗೀತೋತ್ಸವ.

ಬೇಸಿಗೆಯನ್ನು ಕಳೆಯುವುದಕ್ಕೆ ಈ ಸ್ಥಳ ಹೊಸದೇನಲ್ಲ. 1791ರಲ್ಲಿ ಪೂರ್ಣಗೊಂಡ ಟಿಪ್ಪುವಿನ ಬೇಸಿಗೆ ಅರಮನೆ ಇಲ್ಲಿಗೆ ಹೆಚ್ಚು ದೂರವಿಲ್ಲ. ಸುಲ್ತಾನನಿಗೆ ತಂಪು ಬೇಕೆನಿಸಿದಾಗ ಮರದ ಕಂಬಗಳ ಅರಮನೆಯೇ ಏಳಬೇಕಾಯಿತು. ಚಾಮರಾಜಪೇಟೆಯ ಗುಮಾಸ್ತರಿಗೂ ಮೇಷ್ಟರುಗಳಿಗೂ ಒಂದು ಚಪ್ಪರ ಸಾಕಾಯಿತು. 1892ರಲ್ಲಿ ಹುಟ್ಟಿದ ಈ ಬಡಾವಣೆಯಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಶ್ರೀ ರಾಮಸೇವಾ ಮಂಡಳಿಯನ್ನು ಆರಂಭಿಸಿದರು. ಬಡಾವಣೆಯ ಹಬ್ಬವಾಗಿ ಮೊದಲಾದದ್ದು ಊರಿನ ಹಬ್ಬವಾಯಿತು. ಒಂದೆರಡು ದಿನಗಳ ಸೇವೆ ತಿಂಗಳುಗಟ್ಟಲೆಯ ಉತ್ಸವವಾಯಿತು. ಚೌಡಯ್ಯ, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಎಂ. ಎಸ್. ಸುಬ್ಬುಲಕ್ಷ್ಮಿ, ಬಾಲಮುರಳೀಕೃಷ್ಣ ಮೊದಲಾದವರ ಹೆಸರುಗಳನ್ನು ಹಳೆಯ ರಸಿಕರು ಇಂದಿಗೂ ನೆಂಟರ ಹೆಸರುಗಳಂತೆ ಹೇಳುವುದುಂಟು: "ಆ ವರ್ಷ ಎಂ. ಎಸ್. ಬಂದಿದ್ದರಲ್ಲ, ಆಗಲೇ ನಮ್ಮ ದೊಡ್ಡವನ ನಾಮಕರಣವಾದದ್ದು." ಶೇಷಾದ್ರಿಪುರ, ಮಲ್ಲೇಶ್ವರ, ರಾಜಾಜಿನಗರಗಳಲ್ಲಿಯೂ ರಾಮನವಮಿಗೆ ಸಂಗೀತವುಂಟು. ಆದರೆ ಯಾವ ವಿಶೇಷಣವೂ ಇಲ್ಲದೆ "ರಾಮನವಮಿ ಕಚೇರಿ" ಎಂದರೆ ಬೆಂಗಳೂರಿನ ಮನಸ್ಸು ಮೊದಲು ಹೋಗುವುದು ಕೋಟೆಯ ಮೈದಾನಕ್ಕೆ.

ಅಲ್ಲಿಗೆ ಬರುವ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಿ. ಹೆಚ್ಚು ಶ್ರಮಪಡಬೇಕಾಗಿಲ್ಲ, ಚಪ್ಪರದ ಯಾವ ಸಾಲಿನಲ್ಲಿ ಹುಡುಕಿದರೂ ಅಂಥದೊಂದು ಸಿಕ್ಕೀತು. ಜಯನಗರದಿಂದ ಹೊರಟ ಅಜ್ಜ, ಮಗ, ಸೊಸೆ ಮತ್ತು ಎಂಟು ವರ್ಷದ ಮೊಮ್ಮಗಳು. ಅಜ್ಜನಿಗೆ ಸಂಗೀತದ ಹುಚ್ಚು. ಮಗನಿಗೆ ಅಜ್ಜನನ್ನು ಜೋಪಾನವಾಗಿ ಕರೆತಂದು ಕರೆದೊಯ್ಯುವ ಜವಾಬ್ದಾರಿ. ಸೊಸೆ ಹುಡುಗಿಯಾಗಿದ್ದಾಗ ವೀಣೆ ಕಲಿತಿದ್ದಳು. ಮದುವೆಯಾದ ಮೇಲೆ ಅದು ಗವಸಿನೊಳಗೆ ಸೇರಿ ಬೀರುವಿನ ಮೇಲೆ ಕುಳಿತಿದೆ. ಮೊಮ್ಮಗಳು ಬಂದಿರುವುದು ಪಾನಕಕ್ಕಾಗಿ ಎಂದರೆ ಅವಳೇನೂ ಬೇಸರಪಡಲಾರಳು.

ಪಾನಕದ ಮಾತು ಬಂದದ್ದರಿಂದ ಅದನ್ನು ಮುಗಿಸಿಬಿಡುವುದು ಒಳ್ಳೆಯದು. ಬೆಲ್ಲ, ನಿಂಬೆಹಣ್ಣು, ಏಲಕ್ಕಿ, ಶುಂಠಿ, ಒಂದಿಷ್ಟು ಕಾಳುಮೆಣಸು, ಇಷ್ಟೇ ಪಾನಕ. ನೆನೆಸಿದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ತೆಂಗಿನತುರಿ, ಮೇಲೊಂದು ಸಾಸಿವೆ ಒಗ್ಗರಣೆ, ಇಷ್ಟೇ ಕೋಸಂಬರಿ. ಜೊತೆಗೆ ನೀರುಮಜ್ಜಿಗೆ. ಇವುಗಳಲ್ಲಿ ಯಾವುದಕ್ಕೂ ಒಲೆಯ ಮುಂದೆ ಬಹಳ ಹೊತ್ತು ನಿಲ್ಲಬೇಕಾಗಿಲ್ಲವೆಂಬುದನ್ನು ಗೃಹಿಣಿಯರು ಗಮನಿಸಿಯೇ ಇರುತ್ತಾರೆ. ಹಬ್ಬದಡಿಗೆಯೆಂದರೆ ಬೆಳಗಿನಿಂದ ಬೆವರು ಸುರಿಸಬೇಕೆಂಬ ನಿಯಮವನ್ನು ಮುರಿದಿರುವ ಉಪಕಾರಿ ಹಬ್ಬ ಇದೊಂದೇ ಇರಬೇಕು.

ಈಗ ಚಪ್ಪರದೊಳಕ್ಕೆ ಬರೋಣ. ಬಯಲಿನಲ್ಲಿ ಹಾಕಿದ ಚಪ್ಪರಕ್ಕೂ ನಾಲ್ಕು ಗೋಡೆಗಳ ಸಭಾಂಗಣಕ್ಕೂ ಇರುವ ಅಂತರ ಕೇವಲ ಗಾಳಿ ಬೆಳಕಿನದಲ್ಲ. ಸಭಾಂಗಣದಲ್ಲಿ ಗಾಯಕ ಹಾಡಿದ ಸ್ವರ ಗೋಡೆಗೆ ತಾಕಿ, ಮಾಡಿಗೆ ತಾಕಿ, ಮರಳಿ ಬಂದು ಮುಂದಿನ ಸ್ವರದ ಜೊತೆ ಬೆರೆಯುತ್ತದೆ. ಸಣ್ಣ ಪುಟ್ಟ ಕುಂದುಗಳನ್ನು ಆ ಅನುರಣನವೇ ಮುಚ್ಚಿಹಾಕುತ್ತದೆ. ಚಪ್ಪರದಲ್ಲಿ ಸ್ವರ ಹೊರಟಿತೆಂದರೆ ಹೊರಟೇ ಹೋಯಿತು. ಅದನ್ನು ಹಿಡಿದು ಮರಳಿಸುವ ಗೋಡೆಯಿಲ್ಲ. ಸಭಾಂಗಣದಲ್ಲಿ ಗೆದ್ದವರು ಬಯಲಿನಲ್ಲಿ ಒಣಗಿದಂತೆ ಕೇಳಿಸುವುದೂ, ತುಂಬು ಶಾರೀರದವರು ಬಯಲಿನಲ್ಲಿಯೇ ಅರಳುವುದೂ ಇದರಿಂದಲೇ.

ಧ್ವನಿವರ್ಧಕ ಬರುವ ಮೊದಲು ಈ ಕಷ್ಟ ಇನ್ನೂ ದೊಡ್ಡದಾಗಿತ್ತು. ಅದರಿಂದ ಹುಟ್ಟಿದ್ದೇ ಪಿಟೀಲು ಚೌಡಯ್ಯನವರ ಏಳು ತಂತಿಯ ಪಿಟೀಲು. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಗುರುಕುಲದಲ್ಲಿ ಬೆಳೆದ ಚೌಡಯ್ಯನವರಿಗೆ, ಪಿಟೀಲಿನ ದನಿ ಹಿಂದಿನ ಸಾಲಿನವರನ್ನು ಮುಟ್ಟುತ್ತಿಲ್ಲವೆಂಬ ಕೊರಗು. ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಅವರು ನಾದವನ್ನು ದಪ್ಪಗೊಳಿಸಿದರು. ಸಂಪ್ರದಾಯಸ್ಥರು ಮೂಗು ಮುರಿದರು. ಹಿಂದಿನ ಸಾಲಿನವರು ತಲೆದೂಗಿದರು. ಹಿಂದಿನ ಸಾಲಿನವನ ಮೇಲೆ ಇಷ್ಟು ಅಕ್ಕರೆ ತೋರಿದ ಕಲಾವಿದರು ಎಷ್ಟು ಮಂದಿ? ಅವರ ನೆನಪಿಗಾಗಿ ಬೆಂಗಳೂರು 1980ರಲ್ಲಿ ತೆರೆದ ಸ್ಮಾರಕಭವನ ಪಿಟೀಲಿನ ಆಕಾರದಲ್ಲಿಯೇ ಇದೆ, ತಂತಿಗಳೂ ಏಳು. ಅದು ಗೋಡೆಗಳಿರುವ ಭವ್ಯ ಸಭಾಂಗಣ. ಬಯಲಿನ ಕೊನೆಯವರೆಗೂ ಕೇಳಿಸಬೇಕೆಂದು ಏಳು ತಂತಿ ಕಟ್ಟಿದವರಿಗೆ ನಾಲ್ಕು ಗೋಡೆಗಳ ಸ್ಮಾರಕ. ಇರಲಿ.

ಬೇಸಿಗೆಯ ಕಚೇರಿಯಲ್ಲಿ ವಾದ್ಯಗಳೂ ಮನುಷ್ಯರಂತೆಯೇ ಸೆಕೆಯನ್ನು ಅನುಭವಿಸುತ್ತವೆ. ಕಾಯ್ದ ತಂತಿ ಹಿಗ್ಗಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಕೊಳಲಿನ ಒಳಗಿನ ಗಾಳಿ ಬಿಸಿಯಾದರೆ ಶ್ರುತಿ ಏರುತ್ತದೆ. ಒಂದೇ ವೇದಿಕೆಯ ಮೇಲೆ ತಂಬೂರಿ ಕೆಳಕ್ಕೂ ಕೊಳಲು ಮೇಲಕ್ಕೂ ಹೊರಟರೆ ನಡುವೆ ಸಿಕ್ಕಿದ ವಿದ್ವಾಂಸರ ಪಾಡೇನು! ಮೃದಂಗದ ಚರ್ಮ ಒಣಹವೆಯಲ್ಲಿ ಬಿಗಿದು ದನಿ ಏರುತ್ತದೆ; ಮಳೆಯ ಸೂಚನೆಯಿದ್ದರೆ ಸಾಕು, ಸಡಿಲವಾಗಿ ಇಳಿಯುತ್ತದೆ. ಅದರ ಎಡಭಾಗಕ್ಕೆ ಮೆತ್ತಿದ ರವೆಯ ಕಲಸು ಸೆಕೆಗೆ ಬೇಗ ಆರುವುದರಿಂದ, ಎರಡು ಕೃತಿಗಳ ನಡುವೆ ಮೃದಂಗದವರು ಬೆರಳನ್ನು ನೀರಿನಲ್ಲಿ ಅದ್ದಿ ಅದನ್ನು ತೇವಗೊಳಿಸುವುದನ್ನು ಕಾಣಬಹುದು. ವೀಣೆಯ ಮೆಟ್ಟಿಲುಗಳನ್ನು ನಿಲ್ಲಿಸಿರುವುದು ಮೇಣದಲ್ಲಿ. ಆ ಮೇಣ ಬಿಸಿಲಿಗೆ ಮೆದುವಾಗುತ್ತದೆಂಬ ಭಯದಿಂದ ವೈಣಿಕರು ವಾದ್ಯವನ್ನು ಕೂಸಿನಂತೆ ನೆರಳಿನಲ್ಲಿಯೇ ಕರೆತರುತ್ತಾರೆ. ಕಚೇರಿಯ ಮೊದಲಿಗೆ ಐದು ನಿಮಿಷ ಶ್ರುತಿ ಮಾಡಿಕೊಂಡರೆಂದು ಗಡಿಯಾರ ನೋಡುವವರು ಇದಿಷ್ಟನ್ನು ನೆನೆದುಕೊಳ್ಳಬೇಕು.

ಶ್ರುತಿ ಕೂಡಿತು. ಮೊದಲಿಗೆ ವರ್ಣ, ಬಳಿಕ ಚುರುಕಾದ ಎರಡು ಮೂರು ಕೃತಿಗಳು, ನಡುವೆ ವಿಸ್ತಾರವಾದ ರಾಗ, ಕೊನೆಯಲ್ಲಿ ದೇವರನಾಮಗಳು. ಅನಾದಿಕಾಲದಿಂದ ಬಂದಂತೆ ತೋರುವ ಈ ಕಚೇರಿ ಪದ್ಧತಿಯನ್ನು ರೂಢಿಗೆ ತಂದವರು ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು, ಕಳೆದ ಶತಮಾನದವರು. (ಅವರೂ ಚೌಡಯ್ಯನವರೂ ಕೆಲವೇ ದಿನಗಳ ಅಂತರದಲ್ಲಿ, 1967ರ ಜನವರಿಯಲ್ಲಿ ತೀರಿಕೊಂಡರು. ಆ ವರ್ಷದ ರಾಮನವಮಿಯ ಚಪ್ಪರಗಳಲ್ಲಿ ಕುಳಿತ ರಸಿಕರಿಗೆ ಏನೆನಿಸಿತೋ!) ಈ ಪದ್ಧತಿಯ ಜಾಣತನವಿರುವುದು ಬೇಸಿಗೆಯ ಸಂಜೆಗೆ ಅದು ಹೊಂದುವ ಬಗೆಯಲ್ಲಿ. ಆರಂಭದ ಚುರುಕು ಕೃತಿಗಳ ಹೊತ್ತಿಗೆ ಇನ್ನೂ ಬೆಳಕಿರುತ್ತದೆ, ಜನ ಬಂದು ಸೇರುತ್ತಿರುತ್ತಾರೆ, ಕುರ್ಚಿಗಳು ಕಿರುಗುಟ್ಟುತ್ತವೆ, "ಇಲ್ಲಿ ಯಾರಾದರೂ ಬರುತ್ತಾರೆಯೆ?" ಎಂಬ ಪ್ರಶ್ನೆ ಸಾಲಿನಿಂದ ಸಾಲಿಗೆ ಹೋಗುತ್ತದೆ. ವಿಸ್ತಾರವಾದ ರಾಗದ ಸರದಿ ಬರುವ ವೇಳೆಗೆ ಕತ್ತಲೆ ಕವಿದು, ಗಾಳಿ ತಿರುಗಿ, ಮೈಯ ಬೆವರು ಆರಿ, ಕಿವಿಗಳು ತಮ್ಮ ಕೆಲಸಕ್ಕೆ ಅಣಿಯಾಗಿರುತ್ತವೆ.

ಆಗ ಗಾಯಕ ಕಲ್ಯಾಣಿಯನ್ನು ಎತ್ತಿಕೊಳ್ಳುತ್ತಾನೆ.

ಕಲ್ಯಾಣಿ ಮೇಳಕರ್ತಗಳಲ್ಲಿ ಅರವತ್ತೈದನೆಯದು, ಪ್ರತಿಮಧ್ಯಮದ ರಾಗ. ಇದನ್ನು ಅರಿಯದವನಿಗೂ ಅದು ಬಂದದ್ದು ಗೊತ್ತಾಗುತ್ತದೆ. ಮನೆಗೆ ಮದುವಣಗಿತ್ತಿ ಬಂದರೆ ಕಣ್ಣು ಕಾಣದವರಿಗೂ ಗೊತ್ತಾಗುವಂತೆ. ಗಾಯಕ ಮೊದಲು ಗಾಂಧಾರದ ಸುತ್ತ ಸುಳಿದಾಡುತ್ತಾನೆ. ಆಮೇಲೆ ಷಡ್ಜವನ್ನೂ ಪಂಚಮವನ್ನೂ ಬೇಕೆಂದೇ ಬಿಟ್ಟು, ಅವೆರಡೂ ಇಲ್ಲದೆಯೇ ಕಲ್ಯಾಣಿಯ ಮುಖವನ್ನು ಬಿಡಿಸಿ ತೋರಿಸುತ್ತಾನೆ; ಮನೆಯ ತೊಲೆಗಳನ್ನು ತೆಗೆದೂ ಮನೆ ನಿಂತಿರುವಂತೆ ಮಾಡುವ ವಿದ್ಯೆಯದು. ಪಿಟೀಲಿನವರು ಅವನ ಹಿಂದೆ ಒಂದು ಹೆಜ್ಜೆ ಬಿಟ್ಟು, ಅವನು ಎಲ್ಲಿ ತಿರುಗುವನೆಂದು ತಿಳಿಯದೆ, ತಿರುಗಿದ ಕೂಡಲೇ ತಾವೂ ತಿರುಗುತ್ತ ನಡೆಯುತ್ತಾರೆ. ಸಾಹಿತ್ಯವಿಲ್ಲ, ತಾಳವಿಲ್ಲ, ಬರೆದಿಟ್ಟದ್ದೇನೂ ಇಲ್ಲ. ಕೃತಿಯನ್ನು ನಾಳೆಯೂ ಹಾಡಬಹುದು. ಈ ಆಲಾಪನೆ ಇಂದಿನದು. ನಾಳೆ ಇದೇ ಗಾಯಕ ಇದೇ ವೇದಿಕೆಯ ಮೇಲೆ ಇದೇ ಕಲ್ಯಾಣಿಯನ್ನು ಹಾಡಿದರೂ, ಹೊರಡುವ ಊರು ಒಂದೇ ಆದರೂ ನಡೆಯುವ ಹಾದಿ ಬೇರೆ. ಮನೋಧರ್ಮವೆಂದು ನಮ್ಮ ಸಂಗೀತಗಾರರು ಕರೆಯುವುದು ಇದನ್ನೇ.

ಅಜ್ಜ ಕಣ್ಣು ಮುಚ್ಚಿದ್ದಾರೆ. ಸೊಸೆಯ ಎಡಗೈಯ ಬೆರಳುಗಳು ಮಡಿಲಲ್ಲಿ, ಸೀರೆಯ ಸೆರಗಿನ ಮೇಲೆ, ಇಲ್ಲದ ವೀಣೆಯ ಮೆಟ್ಟಿಲುಗಳನ್ನು ಹುಡುಕುತ್ತಿವೆ. ಮಗ ಜೇಬಿನಿಂದ ಮೊಬೈಲು ತೆಗೆದು ಎತ್ತಿ ಹಿಡಿದಿದ್ದಾನೆ.

ಅವನೊಬ್ಬನೇ ಅಲ್ಲ, ಆ ಕತ್ತಲಲ್ಲಿ ಅಲ್ಲಲ್ಲಿ ಮಿಣುಕುಹುಳುಗಳಂತೆ ಹತ್ತಾರು ಪರದೆಗಳು ಬೆಳಗುತ್ತಿವೆ. ಅವರನ್ನು ಬೈದು ಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಹಿಂದೆ ಕೆಲವರು ರಸಿಕರು ಕಚೇರಿಗಳಲ್ಲಿ ಸುರುಳಿಟೇಪಿನ ಭಾರಿ ಯಂತ್ರಗಳನ್ನು ಹೊತ್ತು ತಂದು ಧ್ವನಿ ಮುದ್ರಿಸಿಕೊಂಡದ್ದರಿಂದಲೇ ಎಷ್ಟೋ ಮಹಾವಿದ್ವಾಂಸರ ಗಾನ ಉಳಿದು ಬಂದಿದೆ. ಆದರೆ ಒಂದು ವ್ಯತ್ಯಾಸವುಂಟು. ಅವರು ಯಂತ್ರವನ್ನು ನೆಲದ ಮೇಲಿಟ್ಟು, ಗುಂಡಿ ಒತ್ತಿ, ತಾವು ಕೇಳುತ್ತ ಕುಳಿತರು. ಇವನು ಯಂತ್ರವನ್ನು ಹಿಡಿದಿದ್ದಾನೆ. ಕೈ ನೋಯದಂತೆ, ಮುಂದಿನವರ ತಲೆ ಅಡ್ಡ ಬಾರದಂತೆ, ಚಿತ್ರ ಅಲುಗದಂತೆ ನೋಡಿಕೊಳ್ಳುವುದರಲ್ಲಿಯೇ ಅವನ ಗಮನವೆಲ್ಲ. ಗಾಯಕ ತಾರಷಡ್ಜವನ್ನು ದಾಟಿ ಮೇಲಿನ ಗಾಂಧಾರದಲ್ಲಿ ನಿಂತು, ಇಡೀ ಚಪ್ಪರ ಉಸಿರು ಬಿಗಿಹಿಡಿದ ಆ ಗಳಿಗೆಯಲ್ಲಿ ಅವನು ನೋಡುತ್ತಿದ್ದುದು ಮೊಬೈಲಿನ ಬ್ಯಾಟರಿ ಎಷ್ಟು ಉಳಿದಿದೆಯೆಂಬುದನ್ನು.

ಅದೇ ಗಳಿಗೆಯಲ್ಲಿ ಹೊರಗೆಲ್ಲೋ ಒಂದು ಕೋಗಿಲೆ ಕೂಗುತ್ತದೆ. ಚೈತ್ರದಲ್ಲಿ ಅದಕ್ಕೆ ಹೊತ್ತುಗೊತ್ತಿಲ್ಲ. ಹಿಂದೆಯೇ ಮಾರುಕಟ್ಟೆಯ ಕಡೆಯಿಂದ ಆಟೋರಿಕ್ಷಾದ ಹಾರನ್ನು, ಆಸ್ಪತ್ರೆಯ ಕಡೆಗೆ ಧಾವಿಸುವ ಆಂಬುಲೆನ್ಸಿನ ಕೂಗು. ಬಯಲ ಕಚೇರಿಯನ್ನು ಒಲ್ಲದವರ ದೊಡ್ಡ ಆಕ್ಷೇಪ ಇದೇ: ಗದ್ದಲ. ಆಕ್ಷೇಪ ಸರಿಯಾದದ್ದು, ಸೂಕ್ಷ್ಮವಾದ ಗಮಕವೊಂದು ಹಾರನ್ನಿನ ಕೆಳಗೆ ಸಿಕ್ಕಿ ಸತ್ತದ್ದನ್ನು ಕಂಡವರಿಗೆ ಅದರ ನೋವು ಗೊತ್ತು. ಆದರೂ ಜನ ಬರುತ್ತಾರೆ. ಆಂಬುಲೆನ್ಸಿನ ದನಿ ದೂರವಾಗುವಷ್ಟು ಹೊತ್ತು ಗಾಯಕ ನಿಂತ ಸ್ವರದಲ್ಲಿಯೇ ನಿಂತು, ಅದು ಅಡಗಿದ ಮೇಲೆ ಇಳಿಯುತ್ತಾನೆ. ಸಭೆಯಿಂದ "ಭೇಷ್" ಎಂಬ ಉದ್ಗಾರ ಹೊರಡುತ್ತದೆ. ಆ ಭೇಷ್ ಗಾಂಧಾರಕ್ಕೋ, ಆ ತಾಳ್ಮೆಗೋ, ಹೇಳುವುದು ಕಷ್ಟ.

ಬೇಲಿಯಾಚೆಯ ಶ್ರೋತೃಗಳನ್ನು ಮರೆಯಲಾಗದು. ಚೀಟಿ ಕೊಳ್ಳುವಷ್ಟು ಹಣವಿಲ್ಲದೆ, ಅಥವಾ ಕುರ್ಚಿಯಲ್ಲಿ ಕೂರುವಷ್ಟು ಪುರುಸೊತ್ತಿಲ್ಲದೆ, ರಸ್ತೆಯ ಬದಿಯಲ್ಲಿ ನಿಂತು ಕೇಳುವವರ ಪರಂಪರೆ ಉತ್ಸವದಷ್ಟೇ ಹಳೆಯದಿರಬೇಕು. ಅವರ ಪಾಲಿಗೆ ಪ್ರಕೃತಿಯೂ ಒಂದು ಉಪಕಾರ ಮಾಡುತ್ತದೆ. ಹಗಲಿನಲ್ಲಿ ನೆಲ ಕಾದು, ನೆಲದ ಬಳಿಯ ಗಾಳಿ ಮೇಲಿನ ಗಾಳಿಗಿಂತ ಬಿಸಿಯಾಗಿರುವುದರಿಂದ ನಾದದ ಅಲೆಗಳು ಮೇಲಕ್ಕೆ ಬಾಗಿ ಹೋಗುತ್ತವೆ. ಗಾಳಿಯಬ್ಬರವಿಲ್ಲದ ನಿರಭ್ರ ರಾತ್ರಿಯಲ್ಲಿ ನೆಲ ತಣ್ಣಗಾಗಿ ಕೆಳಗಿನ ಗಾಳಿಯೇ ತಂಪಾದಾಗ ಅವೇ ಅಲೆಗಳು ಕೆಳಕ್ಕೆ ಬಾಗಿ ಬಹುದೂರ ಸಾಗುತ್ತವೆ. ಇರುಳು ಏರಿದಂತೆ ಸಂಗೀತ ಬೇಲಿಯಾಚೆಗೆ ಇನ್ನಷ್ಟು ಸ್ಪಷ್ಟವಾಗುವುದು ಬರಿಯ ಭ್ರಮೆಯಲ್ಲ. ನಾದ ಸೆಕೆಂಡಿಗೆ ಸುಮಾರು 345 ಮೀಟರ್ ವೇಗದಲ್ಲಿ ಸಾಗುವುದರಿಂದ, 70 ಮೀಟರ್ ಆಚೆ ನಿಂತವನಿಗೆ ಸ್ವರ ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡವಾಗಿ ತಲುಪುತ್ತದೆ. ಮುಂದಿನ ಸಾಲಿನವರಿಗೆ ಹಳತಾದ ಸ್ವರವೇ ಅವನಿಗೆ ಹೊಸತು.

ರಾಗ ಮುಗಿದು, ಕೃತಿ ಮುಗಿದು, ತನಿ ಆವರ್ತನ ಆರಂಭವಾಗುತ್ತದೆ. ಅದರೊಡನೆ ಕಾಫಿಯ ಯಾತ್ರೆಯೂ. ಮೃದಂಗ ಮತ್ತು ಘಟದ ವಿದ್ವಾಂಸರು ವರ್ಷಗಟ್ಟಲೆ ಸಾಧಿಸಿದ ಲೆಕ್ಕಾಚಾರವನ್ನು ಬಿಡಿಸಿ ತೋರಿಸುವ ಸಮಯವೇ ಶ್ರೋತೃಗಳಲ್ಲಿ ಕಾಲುಭಾಗ ಎದ್ದು ಹೋಗುವ ಸಮಯ. ಇದಕ್ಕಿಂತ ದೊಡ್ಡ ಅನಾಗರಿಕತೆ ಸಂಗೀತಸಭೆಗಳಲ್ಲಿ ಇನ್ನೊಂದಿಲ್ಲ, ಮತ್ತು ಇದನ್ನು ಮಾಡುವವರು ಬಹುಮಟ್ಟಿಗೆ ಸಂಗೀತ ತಿಳಿದವರು. ಮೊಮ್ಮಗಳು ಮಾತ್ರ ಕದಲುವುದಿಲ್ಲ. ಅಷ್ಟು ಹೊತ್ತು ತೂಕಡಿಸುತ್ತಿದ್ದ ಅವಳು ಈಗ ಕುರ್ಚಿಯ ತುದಿಗೆ ಬಂದಿದ್ದಾಳೆ. ಮಣ್ಣಿನ ಮಡಕೆಯಿಂದ ಇಷ್ಟು ದನಿ ಹೊರಡುತ್ತದೆಂಬುದೇ ಅವಳಿಗೆ ಸೋಜಿಗ.

ಒಮ್ಮೊಮ್ಮೆ ಈ ಹೊತ್ತಿಗೆ ಮಳೆಯೂ ಬರುವುದುಂಟು. ಏಪ್ರಿಲ್ ನಡುವಿನ ಅಶ್ವಿನಿ ಮಳೆ, ತಿಂಗಳ ಕೊನೆಯ ಭರಣಿ ಮಳೆ. ಗುಡುಗು ಸಿಡಿಲುಗಳ ಪಕ್ಕವಾದ್ಯದೊಡನೆ ಬರುವ ಅತಿಥಿಗಳು. ಮೊದಲು ಮಣ್ಣಿನ ವಾಸನೆ, ಆಮೇಲೆ ಚಪ್ಪರದ ಮೇಲೆ ಹನಿಗಳ ಸದ್ದು. ಅಂಚಿನ ಸಾಲಿನವರು ಎದ್ದು ನಡುವಿನ ಸಾಲಿನವರ ನಡುವೆ ನುಸುಳುತ್ತಾರೆ, ಗುರುತಿಲ್ಲದವರು ಒಂದೇ ಕೊಡೆಯ ಕೆಳಗೆ ನೆಂಟರಾಗುತ್ತಾರೆ. ಎಟ್ಟಯಪುರದ ಬರದ ನೆಲದಲ್ಲಿ ಮುತ್ತುಸ್ವಾಮಿ ದೀಕ್ಷಿತರು ಅಮೃತವರ್ಷಿಣಿಯನ್ನು ಹಾಡಿ ಮಳೆ ಕರೆದರೆಂಬ ಐತಿಹ್ಯವನ್ನು ಆಗ ಯಾರಾದರೊಬ್ಬರು ಪಕ್ಕದವರಿಗೆ ಹೇಳಿಯೇ ತೀರುತ್ತಾರೆ. ಬಂದ ಮಳೆಯನ್ನು ನಿಲ್ಲಿಸುವ ರಾಗ ಯಾವುದೆಂದು ಪಕ್ಕದವರು ಕೇಳಿದರೆ ಉತ್ತರವಿಲ್ಲ.

ಇಷ್ಟೆಲ್ಲ ತಾಪತ್ರಯಗಳಿದ್ದೂ ಈ ಚಪ್ಪರ ಏಕೆ ಬೇಕು? 2020ರಲ್ಲಿ ಈ ಪ್ರಶ್ನೆಗೆ ಯಾರೂ ಬಯಸದ ರೀತಿಯಲ್ಲಿ ಒಂದು ಉತ್ತರ ದೊರೆಯಿತು. ಆ ವರ್ಷ ಮಾರ್ಚ್ 25ರಿಂದ ದೇಶವೆಲ್ಲ ಮನೆಯೊಳಗೆ ಸೇರಿ ಬಾಗಿಲು ಹಾಕಿಕೊಂಡಿತು. ರಾಮನವಮಿ ಬಂದದ್ದು ಏಪ್ರಿಲ್ 2ರಂದು. ಜನ ಒಟ್ಟಿಗೆ ಸೇರುವಂತಿಲ್ಲವೆಂದ ಮೇಲೆ ಕಚೇರಿಯ ಮಾತೇನು? ಆದರೆ ಸಂಗೀತಕ್ಕೇನೂ ಬರವಿರಲಿಲ್ಲ. ಮನೆಮನೆಯಲ್ಲಿ, ಅಂಗೈಯಗಲದ ಯಂತ್ರದಲ್ಲಿ, ಕೇಳಿದವರಿಗೆ ಕೇಳಿದ ವಿದ್ವಾಂಸರ ಕೇಳಿದ ರಾಗ ದೊರೆಯುತ್ತಿತ್ತು. ಹಾರನ್ನಿನ ಕಾಟವಿಲ್ಲ, ಮುಂದಿನವರ ತಲೆಯ ಅಡ್ಡಿಯಿಲ್ಲ, ರಸ್ತೆಗಳಂತೂ ಎಂದೂ ಇಲ್ಲದಷ್ಟು ಮೌನ. ಕಲ್ಯಾಣಿಯನ್ನು ಕೇಳಲು ಅದಕ್ಕಿಂತ ಪ್ರಶಸ್ತವಾದ ಬೇಸಿಗೆ ಬೇರೊಂದಿರಲಾರದು. ಆದರೂ ಆ ಕಲ್ಪನೆಯ ಅಜ್ಜನಂಥ ಅದೆಷ್ಟೋ ಅಜ್ಜಂದಿರು ಸಂಜೆಯಾಗುತ್ತಲೇ ಶಾಲು ಹೆಗಲಿಗೆ ಹಾಕಿಕೊಂಡು ಹಜಾರದಿಂದ ಬಾಗಿಲಿಗೆ, ಬಾಗಿಲಿನಿಂದ ಹಜಾರಕ್ಕೆ ನಡೆದಾಡಿದರು. ಅವರಿಗೆ ಇಲ್ಲವಾದದ್ದು ರಾಗವಲ್ಲ. ಪಕ್ಕದ ಕುರ್ಚಿಯಲ್ಲಿ ಕುಳಿತು, ಇವರು ತಲೆದೂಗಿದಲ್ಲಿಯೇ ತಲೆದೂಗುತ್ತಿದ್ದ, ಹೆಸರು ಕೂಡ ಗೊತ್ತಿಲ್ಲದ ಇನ್ನೊಬ್ಬ ಅಜ್ಜ. ಚಪ್ಪರ ಮತ್ತೆ ಎದ್ದ ವರ್ಷ ಆ ಕುರ್ಚಿಗಳಲ್ಲಿ ಕೆಲವು ಹೊಸಬರ ಪಾಲಾಗಿದ್ದವು.

ಪುರಂದರದಾಸರ ದೇವರನಾಮವೊಂದನ್ನು ಹಾಡಿ, ಸೌರಾಷ್ಟ್ರ ರಾಗದ ಮಂಗಳದೊಡನೆ ಗಾಯಕ ಕೈಮುಗಿಯುತ್ತಾನೆ. ಕುರ್ಚಿಗಳು ಮತ್ತೊಮ್ಮೆ ಕಿರುಗುಟ್ಟುತ್ತವೆ. ಹುಡುಗರು ಅವನ್ನು ಒಂದರ ಮೇಲೊಂದು ಪೇರಿಸತೊಡಗುತ್ತಾರೆ. ಸಂಸಾರ ಮಾರುಕಟ್ಟೆಯ ಮೆಟ್ರೋ ನಿಲ್ದಾಣದ ಕಡೆಗೆ ನಡೆಯುತ್ತದೆ; ಅಜ್ಜನ ಗಂಟಲಲ್ಲಿ ಇನ್ನೂ ಕಲ್ಯಾಣಿಯ ಚೂರು, ಸೊಸೆಯ ಹೆಗಲ ಮೇಲೆ ನಿದ್ದೆಹೋದ ಮಗು.

ರೈಲಿನಲ್ಲಿ ಮಗ ಮೊಬೈಲನ್ನು ಕಿವಿಗೆ ಹಿಡಿದು ತಾನು ಮುದ್ರಿಸಿದ್ದನ್ನು ಕೇಳುತ್ತಾನೆ. ರಾಗ ಎಲ್ಲೋ ಬಾವಿಯೊಳಗಿಂದ ಬಂದಂತಿದೆ. ಮುಂದಿನ ಸಾಲಿನವರ ಕೆಮ್ಮು, ಆಂಬುಲೆನ್ಸಿನ ಕೂಗು, ಯಾರೋ ಚಕ್ಕುಲಿಯ ಪೊಟ್ಟಣ ಬಿಚ್ಚಿದ ಸದ್ದು ಮಾತ್ರ ಸ್ಪಷ್ಟ. ನಡುವೆ, ತೀರ ಹತ್ತಿರದಲ್ಲಿ, ಪಿಸುದನಿ: "ತಾತ, ಇದು ಯಾವ ರಾಗ?" "ಕಲ್ಯಾಣಿ ಮಗು, ಕಲ್ಯಾಣಿ. ನಿಮ್ಮಜ್ಜಿಗೆ ಬಹಳ ಇಷ್ಟ." ಆ ಮಾತು ನಡೆದಾಗ ಅವನು ಅವರ ಪಕ್ಕದಲ್ಲಿಯೇ ಕುಳಿತಿದ್ದ, ಕೇಳಿದ ನೆನಪಿಲ್ಲ. ಸೌತ್ ಎಂಡ್ ನಿಲ್ದಾಣ ಬಂದು ಹೋಗುತ್ತದೆ. ಅವನು ಅಷ್ಟನ್ನೇ ಮತ್ತೆ ಹಿಂದಕ್ಕೆ ತಿರುಗಿಸಿ, ಈ ಬಾರಿ ಕಣ್ಣು ಮುಚ್ಚಿ ಕೇಳುತ್ತಾನೆ.